ಕಾದ ಕಂಬಕ್ಕೆ ಕಟ್ಟಿದ ಥರ್ಮಾಮೀಟರು

ಸ್ನೇಹಲ್, ನಿನ್ನ ಪ್ರಯೋಗ ಕೆಟ್ಟದ್ದು ನಿನ್ನಿಂದಲ್ಲ — ಕೆಡಲು ಬಿಟ್ಟವಳು ನಾನು. ಗೊತ್ತಿದ್ದೂ ಗೊತ್ತಿದ್ದೂ ಬಿಟ್ಟೆ. ಆಗ ಖುಷಿಯನ್ನೂ ಪಟ್ಟೆ.

ಅಥಣಿಯ ನಮ್ಮ ಕಾಲೇಜಿನ ಬೇಸಿಗೆ ಭೌತಶಾಸ್ತ್ರ ಶಿಬಿರಕ್ಕೆ ನೀನು ಬಂದಾಗ ಪಿಯುಸಿ ಮೊದಲ ವರ್ಷ ಮುಗಿಸಿದ್ದೆ. ಪ್ರತಿ ವಿದ್ಯಾರ್ಥಿಗೂ ಒಂದು ಸ್ವಂತ ಪ್ರಯೋಗ, ಒಬ್ಬ ಮಾರ್ಗದರ್ಶಕರು, ನಿನಗೆ ನಾನು. ಇಲ್ಲೇ ಅಥಣಿ ಹತ್ತಿರದ ಅನಂತಪುರದ ನಿಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ಯಾವ ಎತ್ತರದಲ್ಲಿ ಗಾಳಿ ಎಷ್ಟು ಬಿಸಿಯಾಗಿರುತ್ತದೆ ಎಂದು ಅಳೆಯುತ್ತೇನೆ ಎಂದೆ ನೀನು. ಎಂಥ ಚಂದದ ಪ್ರಶ್ನೆ! ಆಮೇಲೆ ನಾನು ನಿನ್ನಪ್ಪನ ಹೆಸರು ಕೇಳಿದೆ. ನನ್ನ ಪಾಲಿಗೆ ಆ ಚಂದ ಅಲ್ಲಿಗೇ ಮುಗಿಯಿತು.

ನಿನಗೆ ಗೊತ್ತಿಲ್ಲ — ನನ್ನ ಅವ್ವ ನಿಮ್ಮ ತೋಟಕ್ಕೆ ಕೂಲಿಗೆ ಬರುತ್ತಿದ್ದಳು. ನಿನ್ನದೇ ವಯಸ್ಸಿನಲ್ಲಿ ನಾನೂ ಧಾರವಾಡದ ಇಂಥದೇ ಶಿಬಿರಕ್ಕೆ ಆಯ್ಕೆಯಾಗಿದ್ದೆ. ನನ್ನನ್ನು ಬಿಟ್ಟುಬರಲು ಅವ್ವ ರಜೆ ಕೇಳಿದಳು. ಕೂಲಿಯವರೆಲ್ಲರ ಎದುರು ನಿನ್ನಪ್ಪ ಅಂದ:

"ಫಿಜಿಕ್ಸ್ ಕಲ್ತು ನಿನ್ನ ಮಗಳು ಚಂದ್ರನ ಮ್ಯಾಲ ದ್ರಾಕ್ಷಿ ಹಚ್ಚತಾಳೇನ ಬೇ? ನಾಳಿಂದ ಅಕಿನ್ನೂ ಗೊನಿ ಕೊಯ್ಯಾಕ ಕರ್ಕೊಂಡ ಬಾ."

ಎಲ್ಲರೂ ನಕ್ಕರು. ಅವ್ವನೂ ನಕ್ಕಳು — "ಖರೇ ಐತ್ರಿ ಮಾಲಕರ" ಎನ್ನುತ್ತಾ. ಅವಳು ಅತ್ತಿದ್ದರೆ ನಾನು ಮರೆಯುತ್ತಿದ್ದೆನೇನೋ. ಆ ನಗು... ಆ ಬೇಸಿಗೆ ನಾನು ಧಾರವಾಡಕ್ಕೆ ಹೋಗಲಿಲ್ಲ, ಗೊನೆ ಕೊಯ್ದೆ. ನಾಲ್ಕು ಜನರ ನಡುವೆ ಇವನ ತಲೆ ತಗ್ಗುವುದನ್ನು ನೋಡಬೇಕು ಎಂದು ಹಲ್ಲು ಕಚ್ಚಿಕೊಂಡೇ ಓದಿದೆ.

ನಿನ್ನ ಶೆಡ್ಡಿಗೆ ಬಂದ ಮೊದಲ ದಿನವೇ ಕಣ್ಣಿಗೆ ಬಿತ್ತು. ಥರ್ಮಾಮೀಟರುಗಳನ್ನು ನೀನು ಕಬ್ಬಿಣದ ಕಂಬಕ್ಕೆ ಒತ್ತಿ ಕಟ್ಟಿದ್ದೆ. ಬಿಸಿಲಿಗೆ ಕಾದ ಕಂಬ. ಅವು ತೋರಿಸುತ್ತಿದ್ದದ್ದು ಕಂಬದ ಬಿಸಿ, ಗಾಳಿಯದಲ್ಲ. ಅನುಮಾನ ನಿನಗೂ ಬಂದಿತ್ತು.

"ಮೇಡಂ, ಹಿಂಗ ಕಟ್ಟಿದ್ರ ನಡೀತೈತೇನ್ರಿ? ಕಂಬ ಭಾಳ ಕಾಯ್ತೈತ್ರಿ..."

"ಬರೋಬರಿ ಐತಿ. ಮುಂದ ನಡಿ."

ಇಷ್ಟೇ ಅಂದದ್ದು ನಾನು. ಶಿಬಿರ ಮುಗಿಯುವವರೆಗೂ ನೀನು ಆ ಉರಿಯಲ್ಲಿ ಏಣಿ ಹತ್ತಿ ಇಳಿದೆ, ಮೂಗಿನ ಮೇಲೆ ಬೆವರು ಸುರಿಸಿಕೊಂಡು ಅಂಕಿಗಳನ್ನು ತಂದು ತೋರಿಸಿದೆ. ನಾನು ಶಾಬಾಸ್ ಎನ್ನುತ್ತಿದ್ದೆ. ಛೀ, ಎಂಥ ನಾಲಿಗೆ ನನ್ನದು!

ಕೊನೆಯ ದಿನ ಸಭಾಂಗಣದಲ್ಲಿ ನೀನು ಪ್ರಯೋಗ ವಿವರಿಸಿದೆ; ಮುಂದಿನ ಸಾಲಿನಲ್ಲಿ ನಿನ್ನಪ್ಪ, ಗರಿಗರಿ ಬಿಳಿ ಅಂಗಿಯಲ್ಲಿ. ಬೆಂಗಳೂರಿನಿಂದ ಬಂದಿದ್ದ ವಿಜ್ಞಾನಿ ಕೇಳಿದ್ದು ಒಂದೇ ಪ್ರಶ್ನೆ — ಥರ್ಮಾಮೀಟರನ್ನು ಎಲ್ಲಿ ಕಟ್ಟಿದ್ದೆ? ನೀನು ಹೇಳಿದೆ. "ಹಾಗಾದರೆ ಕಂಬಕ್ಕೆ ಜ್ವರ ಇದೆಯಾ ಅಂತ ನೋಡಿದ್ದೀಯಮ್ಮಾ" ಎಂದರು. ಸಭೆ ಗೊಳ್ಳೆಂದು ನಕ್ಕಿತು. ನಿನ್ನಪ್ಪ ತಲೆ ತಗ್ಗಿಸಿದ. ಅದಕ್ಕಾಗಿ ಎಷ್ಟು ವರ್ಷ ಕಾದಿದ್ದೆ! ಹೊಟ್ಟೆ ತಣ್ಣಗಾಯಿತು — ಸುಳ್ಳು ಯಾಕೆ ಹೇಳಲಿ.

ಆಗ ನೀನು ನನ್ನತ್ತ ಒಮ್ಮೆ ನೋಡಿದೆ. ಎಲ್ಲ ತಿಳಿಯಿತೇನೋ ನಿನಗೆ... ನೋಡಿದವಳು ಸಭೆಯ ಜೊತೆಗೇ ನಗತೊಡಗಿದೆ. "ತಪ್ಪು ನಂದ ಐತ್ರಿ ಸರ್. ಮೇಡಂ ಅವರ್ನ ಕೇಳಬೇಕಾಗಿತ್ರಿ."

ನನ್ನ ಅವ್ವನ ಅದೇ ನಗು. ಈ ಸಲ ನಗಿಸಿದವಳು ನಾನು.

ಪಿಯುಸಿ ಮುಗಿಸಿ ವಿಜ್ಞಾನವನ್ನೇ ಬಿಟ್ಟೆಯಂತೆ, ಬಿ.ಕಾಂ. ಸೇರಿದೆಯಂತೆ. ನಿನ್ನಪ್ಪನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ. ಆದರೆ ಆ ಜಗಳ ನನ್ನದು, ಅವನದು. ಅದರ ನಡುವೆ ನಿನ್ನನ್ನು ತಂದು...

ಈ ಬೇಸಿಗೆಯ ಶಿಬಿರದ ಸಮಾರೋಪಕ್ಕೂ ಅವನನ್ನು ಅತಿಥಿಯಾಗಿ ಕರೆದಿದ್ದಾರೆ. ಅದೇ ಸಭಾಂಗಣ, ಅದೇ ಮುಂದಿನ ಸಾಲು. ಅವನೆದುರಿಗೇ ಎದ್ದು ನಿಂತು ಹೇಳುತ್ತೇನೆ, ಬೇಕಾದರೆ ನಗಲಿ. ಹುಡುಗಿ ಕೇಳಿದ್ದಳು. ಬರೋಬರಿ ಐತಿ ಎಂದವಳು ನಾನು.