ರುದ್ರಪ್ಪನವರ ಕಾರಿನ ಬ್ರೇಕ್ ಆಯಿಲ್

ರುದ್ರಪ್ಪ ಅಂಕಲ್, ಮಹದೇಶ್ವರ ಬೆಟ್ಟದ ಇಳಿಜಾರಿನಲ್ಲಿ ನೀವು ಒತ್ತಿದ್ದು ಬ್ರೇಕನ್ನೇ. ಕಾರು ನಿಲ್ಲದೇ ಹೋದದ್ದಕ್ಕೆ ಹೊಣೆಗಾರರು ಬೇರೆ ಇದ್ದಾರೆ — ನಿಮ್ಮ ಕಾರನ್ನು ನೋಡಿಕೊಳ್ಳುತ್ತೇವೆಂದು ಮಾತು ಕೊಟ್ಟ ಸರ್ವೀಸ್ ಸೆಂಟರಿನ ಮಾಲೀಕರು, ಸುಳ್ಳಿಗೆ ಅಪ್ಪಣೆ ಕೊಟ್ಟ ಮ್ಯಾನೇಜರು, ಆ ಸುಳ್ಳನ್ನು ನಿಮ್ಮ ಬಿಲ್ಲಿನ ಮೇಲೆ ದುಂಡಗಿನ ಅಕ್ಷರಗಳಲ್ಲಿ ಬರೆದು ಸಹಿ ಹಾಕಿದ ನಾನು. ನಿಮ್ಮ ಕಾರಿನ ಬ್ರೇಕ್ ಆಯಿಲ್ ಬದಲಾಗಿರಲಿಲ್ಲ. ಎರಡು ವರ್ಷದಿಂದ ಇದನ್ನು ಬಲ್ಲೆ. ಎರಡು ವರ್ಷದಿಂದ ನಿಮ್ಮದೇ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದುಕೊಂಡು, ನಿಮ್ಮ ಬಾಗಿಲ ಮುಂದೆಯೇ ದಿನವೂ ಹತ್ತಿ ಇಳಿದು —

ಮುಖ ಎತ್ತಿ ಹೇಳುವ ಧೈರ್ಯ ಇಂದಿಗೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕನ್ನಡ ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಆ ಸರ್ವೀಸ್ ಸೆಂಟರಿನವರು ನನ್ನನ್ನು ಕೌಂಟರಿಗೆ ತೆಗೆದುಕೊಂಡದ್ದು ನನ್ನ ಮಾತಿಗಾಗಿ. "ನೀವು ಮಾತಾಡಿದ್ರೆ ಕಸ್ಟಮರ್ ನಂಬ್ತಾರೆ" ಎಂದಿದ್ದರು ಮ್ಯಾನೇಜರು. ನಂಬಿಸುವುದೇ ನನ್ನ ಕೆಲಸ ಎಂಬುದು ಆಗ ಅರ್ಥವಾಗಿರಲಿಲ್ಲ. ಅಥವಾ — ಆಗಿತ್ತೇನೋ. ನಿಮ್ಮ ಕಾರನ್ನು ಆ ಜಾಗಕ್ಕೆ ತರಿಸಿದವಳೂ ನಾನೇ ಅಲ್ಲವೇ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಮೆಲ್ಲಗೆ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಅದಕ್ಕೇ. ಬದಲಿಸಬೇಕೆಂದರೆ ಒಬ್ಬ ಕಾರಿನೊಳಗೆ ಕೂತು ಪೆಡಲ್ ಒತ್ತುತ್ತಿರಬೇಕು. ಇನ್ನೊಬ್ಬ ನಾಲ್ಕೂ ಚಕ್ರಗಳ ಬಳಿಯ ತಿರುಪನ್ನು ಒಂದೊಂದಾಗಿ ಸಡಿಲಿಸಿ, ಕೊಳವೆಯೊಳಗಿನ ಹಳೆಯದೆಲ್ಲ ಹರಿದುಹೋಗಿ ಹೊಸದು ಬರುವವರೆಗೆ ಕಾಯಬೇಕು. ಇಬ್ಬರ ಕೆಲಸ, ಮುಕ್ಕಾಲು ಗಂಟೆ. ಆಯುಧಪೂಜೆಯ ವಾರದಲ್ಲಿ ಆ ಮುಕ್ಕಾಲು ಗಂಟೆ ಎಲ್ಲಿಂದ ಬರಬೇಕು? ವಿಜಯನಗರದಿಂದ, ಬಸವೇಶ್ವರನಗರದಿಂದ ಬಂದ ಕಾರುಗಳು ಗೇಟಿನಾಚೆ ರಸ್ತೆಯವರೆಗೂ ನಿಂತಿರುತ್ತಿದ್ದವು. ಎಲ್ಲರಿಗೂ ಪೂಜೆಯ ಹೊತ್ತಿಗೆ ತೊಳೆದು ಮಿರುಗುವ ಕಾರು ಬೇಕು. ಹಾಗಾಗಿ ನಮ್ಮಲ್ಲೊಂದು ಪದ್ಧತಿಯಿತ್ತು. ಬಾನೆಟ್ ಕೆಳಗಿನ ಡಬ್ಬಿಯಲ್ಲಿದ್ದ ಕಪ್ಪು ಆಯಿಲನ್ನು ಸಿರಿಂಜಿನಿಂದ ಎಳೆದು, ಅಷ್ಟೇ ಹೊಸದನ್ನು ಸುರಿದು, ಮುಚ್ಚಳ ಹಾಕುವುದು. ಕೊಳವೆಗಳಲ್ಲಿ, ಚಕ್ರಗಳ ಬಳಿ ಇರುವುದು ಹಾಗೇ ಇರುತ್ತಿತ್ತು.

"ಇದು ಸರಿನಾ ಸಾರ್?" ಎಂದು ಒಮ್ಮೆ ಕೇಳಿದ್ದೆ.

"ಬಾನೆಟ್ ಎತ್ತಿದ್ರೆ ಕಾಣೋದು ಡಬ್ಬಿ ಒಂದೇ. ಅದು ಫಳಫಳ ಅಂದ್ರೆ ಸಾಕು. ಪೈಪೊಳಗೆ ಇಣುಕಿ ನೋಡೋ ಕಸ್ಟಮರ್ ಇನ್ನೂ ಹುಟ್ಟಿಲ್ಲ ಕಣ್ರೀ."

ನಕ್ಕೆ. ಹೌದು ಅಂಕಲ್, ನಾನೂ ನಕ್ಕಿದ್ದೆ.

ನಿಮ್ಮ ಕಾರಿಗೆ ಆಗ ಆರು ವರ್ಷ. ಒಮ್ಮೆಯೂ ಬ್ರೇಕ್ ಆಯಿಲ್ ಬದಲಾಗಿರಲಿಲ್ಲ. ಅದನ್ನು ಬದಲಿಸಬೇಕೆಂದು ನೀವೇ ಗುರುತಿಸಿ ಬರೆಸಿದ್ದಿರಿ — ದಾವಣಗೆರೆಯಿಂದ ಬಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಒಂದೊಂದು ತಂತಿಯನ್ನೂ ಪರೀಕ್ಷಿಸಿದವರು ನೀವು. ಕಾರು ಒಯ್ಯಲು ಬಂದಾಗ ನೇರ ಬಾನೆಟ್ಟಿಗೇ ಕೈ ಹಾಕಿದಿರಿ. ಪಕ್ಕದಲ್ಲಿ ನಿಂತಿದ್ದ ಗಿರಿಜಮ್ಮ ಆಂಟಿ, "ಅಲ್ರೀ, ಕಾರಿನ ಹೊಟ್ಟೆ ಬಗೆದು ನೋಡ್ತೀರಿ, ನನ್ನ ಬಿಪಿ ಮಾತ್ರೆ ಮುಗಿದು ನಾಕು ದಿನಾತು, ಅದು ಕಾಣಂಗಿಲ್ಲ ನಿಮಗ" ಎಂದು ರೇಗಿಸಿದರು. ನೀವು ಡಬ್ಬಿಯೊಳಗಿನ ತಿಳಿ ಬಣ್ಣವನ್ನು ನೋಡಿ ತಲೆದೂಗಿದಿರಿ.

"ಪೂರ್ತಿ ಬದಲಿ ಮಾಡ್ಯಾರೇನವ್ವಾ? ಬೆಟ್ಟಕ್ಕ ಹೊಂಟೀವಿ."

"ಪೂರ್ತಿ ಬದಲಾಯಿಸಿದ್ದಾರೆ ಅಂಕಲ್. ನಿಶ್ಚಿಂತೆಯಿಂದ ಹೋಗಿ ಬನ್ನಿ."

ಆ ಎರಡು ವಾಕ್ಯಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿದ್ದಿ ಬರೆದಿದ್ದೇನೋ. ತಿದ್ದಿದ್ದು ನಿಮ್ಮ ಕಿವಿಗೆ ಬೀಳಲಿಲ್ಲ.

ಬೆಟ್ಟದಿಂದ ಇಳಿಯುವಾಗ, ತಿರುವಿನ ಮೇಲೆ ತಿರುವು, ಒತ್ತಿ ಒತ್ತಿ ಬ್ರೇಕು ಕಾದಿತು. ಆಯಿಲಿನೊಳಗೆ ಸೇರಿದ್ದ ನೀರು ಕುದಿದು ಆವಿಯಾಯಿತು. ಆವಿಯನ್ನು ಒತ್ತಿದರೆ ಅದು ಮುದುಡುತ್ತದೆ, ಅಷ್ಟೇ. ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. ಪೆಡಲ್ ನೆಲ ಮುಟ್ಟಿತು. ಕಂದಕಕ್ಕೆ ಬೀಳದಂತೆ ನೀವು ಕಾರನ್ನು ಬಂಡೆಯ ಕಡೆಗೆ ತಿರುಗಿಸಿದಿರಿ. ಗಿರಿಜಮ್ಮ ಆಂಟಿಯ ಸೊಂಟದ ಮೂಳೆ ಮುರಿಯಿತು. ಗೇರು ಇನ್ನೂ ಇಳಿಸಬೇಕಿತ್ತು ಎಂದು ಯಾರಾದರೂ ಹೇಳಬಹುದು. ನಾನು ಆ ಮಾತಿನ ಹಿಂದೆ ಅಡಗುವುದಿಲ್ಲ.

ಮರುದಿನ ಕಾರನ್ನು ಎಳೆದು ತಂದು ನಮ್ಮಲ್ಲೇ ನಿಲ್ಲಿಸಿದರು. ಅಷ್ಟರಲ್ಲಿ ಎಲ್ಲ ತಣ್ಣಗಾಗಿತ್ತು. ತಣ್ಣಗಾದರೆ ಆವಿ ಮತ್ತೆ ನೀರಾಗುತ್ತದೆ, ಪೆಡಲ್ ಮತ್ತೆ ಗಟ್ಟಿಯಾಗುತ್ತದೆ. ಮ್ಯಾನೇಜರು ನಿಮ್ಮೆದುರಿಗೇ ನಿಮ್ಮ ಮಗ ನವೀನನಿಗೆ ಪೆಡಲ್ ಒತ್ತಿ ತೋರಿಸಿದರು. "ನೋಡಿ ಸಾರ್, ಕಲ್ಲಿನ ತರ ಇದೆ. ಬ್ರೇಕಲ್ಲಿ ಏನೂ ಪ್ರಾಬ್ಲಂ ಇಲ್ಲ. ವಯಸ್ಸಾದೋರು… ಗಾಬರೀಲಿ ಆಕ್ಸಿಲರೇಟರ್ ಒತ್ತಿರ್ತಾರೆ."

"ಇಲ್ಲ, ನಾ ಒತ್ತಿದ್ದು ಬ್ರೇಕು. ಕಾಲು ಕೆಳಗ ಹೋತು," ಎಂದಿರಿ. ಮತ್ತೆ ಹೇಳಿದಿರಿ. ಮೂರನೇ ಸಲ ಹೇಳುವಾಗ ನನ್ನ ಕಡೆ ನೋಡಿದಿರಿ.

ಆವಿ ಹೇಗೆ ಬರುತ್ತದೆ, ಹೇಗೆ ಮಾಯವಾಗುತ್ತದೆ ಎಂಬುದನ್ನು ನಮಗೆ ತರಬೇತಿಯಲ್ಲೇ ಹೇಳಿಕೊಟ್ಟಿದ್ದರು. ಮ್ಯಾನೇಜರಿಗೂ ಗೊತ್ತಿತ್ತು. ನಾನು ಕಂಪ್ಯೂಟರಿನ ಪರದೆ ನೋಡುತ್ತ ನಿಂತೆ.

ನವೀನ ಕೀಲಿ ಕಿತ್ತಿಟ್ಟುಕೊಂಡ. ರಿಪೇರಿ ಮಾಡಿಸಿ ಯಾರು ಓಡಿಸಬೇಕು ಎಂದು ಕಾರನ್ನು ಹಾಗೆಯೇ ತಂದು ಕಾಂಪೌಂಡಿನಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ. ಕೆಲವು ತಿಂಗಳ ಮೇಲೆ, ಒಂದು ಸಂಜೆ, ಮೆಟ್ಟಿಲ ಬಳಿ ನೀವು ನನ್ನನ್ನು ತಡೆದು ಕೇಳಿದಿರಿ: "ನೀ ಕಲಿತಾಕಿ. ಖರೇ ಹೇಳು. ನಾನೇ ತಪ್ಪು ಪೆಡಲ್ ಒತ್ತಿದೆನೇನು?"

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಹೇಳಿದ್ದು: "ಅದನ್ನೆಲ್ಲ ಯೋಚಿಸ್ಬೇಡಿ ಅಂಕಲ್. ವಯಸ್ಸಾದ್ಮೇಲೆ ಯಾರಿಗಾದ್ರೂ ಆಗುತ್ತೆ."

ಮೊದಲ ಸುಳ್ಳು ಸಂಬಳಕ್ಕಾಗಿ. ಇದು ಯಾತಕ್ಕಾಗಿ? — ನನ್ನ ಮುಖ ಉಳಿಸಿಕೊಳ್ಳಲು ನಿಮ್ಮ ನೆನಪನ್ನೇ ನಿಮ್ಮಿಂದ ಕಿತ್ತುಕೊಂಡೆ. ಅಂದಿನಿಂದ ನೀವು 'ಬ್ರೇಕು ಒತ್ತಿದ್ದೆ' ಎನ್ನುವುದನ್ನು ನಿಲ್ಲಿಸಿದಿರಿ.

ಆ ಕೆಲಸ ಬಿಟ್ಟೆ. ಈಗ ಕೆಂಗೇರಿ ಉಪನಗರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ರಸ್ತೆಗುಂಡಿಗಳ ಬಗ್ಗೆ, ಅಧಿಕಾರಿಗಳ ಉತ್ತರದಾಯಿತ್ವದ ಬಗ್ಗೆ ಉರಿಯುವ ಲೇಖನಗಳನ್ನು ಬರೆದೆ. ನೀವು ಓದಿ, "ಬರಿಯವ್ವಾ, ಬಿಡಬ್ಯಾಡ ಅವರನ್ನ" ಎಂದಿರಿ. ನಾನು ಥ್ಯಾಂಕ್ಸ್ ಅಂಕಲ್ ಎಂದೆ!

ಕಳೆದ ವಾರ ಆಂಟಿಗೆ ಎರಡನೇ ಶಸ್ತ್ರಚಿಕಿತ್ಸೆ ಎಂದು ತಿಳಿಯಿತು. ಕಿಟಕಿ ತೆರೆದಿತ್ತು, ನಿಮ್ಮ ದನಿ ಕೇಳಿತು — "ನಾನೇ ಮುರಿದೆ ನಿನ್ನ ಸೊಂಟ." ಆಂಟಿ, "ಸುಮ್ನಿರ್ರೀ, ಊಟ ಮಾಡ್ರಿ," ಎಂದರು. ಮೊನ್ನೆ ನವೀನ, ಸೋಮವಾರ ಗುಜರಿಯವರು ಬಂದು ಕಾರು ಒಯ್ಯುತ್ತಾರೆ ಎಂದ. ಚಕ್ರಗಳ ಬಳಿಯ ಆ ಕಪ್ಪು ಆಯಿಲ್ ಇನ್ನೂ ಅದರಲ್ಲೇ ಇದೆ. ಅದು ಹೋದರೆ ನಿಮ್ಮ ಪರವಾಗಿ ಉಳಿಯುವುದು ನನ್ನ ಮಾತು ಮಾತ್ರ — ನನ್ನ ಮಾತಿಗೆ ಬೆಲೆ ಏನು ಎಂದು ನಿಮಗೆ ಈಗ ಗೊತ್ತಾಯಿತು.

ಕ್ಷಮಿಸಿ ಎಂದು ಕೇಳುವುದಿಲ್ಲ. ಕಾರನ್ನು ಕೊಡಬೇಡಿ ಎಂದಷ್ಟೇ ಬೇಡುತ್ತೇನೆ. ಈ ಪತ್ರವನ್ನು ನವೀನನಿಗೂ ಆಂಟಿಗೂ ಓದಿ ಹೇಳಿ. ಇದರ ಪ್ರತಿಯನ್ನು ಸರ್ವೀಸ್ ಸೆಂಟರಿಗೆ ಇಂದೇ ಕಳುಹಿಸುತ್ತಿದ್ದೇನೆ. ಮುಂದಿನ ಮಾತು ಅವರಿಗೆ.

ಮಾಲೀಕರೇ, ಮ್ಯಾನೇಜರೇ, ಮೇಲಿನ ಪ್ರತಿ ಸಾಲಿಗೂ ನಾನು ಪ್ರಮಾಣ ಮಾಡಿ ಸಹಿ ಹಾಕಲು ಸಿದ್ಧಳಿದ್ದೇನೆ. ನನ್ನ ಮೇಲೆ ಬರುವ ಕ್ರಮವನ್ನೂ ಎದುರಿಸುತ್ತೇನೆ. ನಿಮ್ಮ ಅಪ್ಪಣೆಯಂತೆ ಸಿರಿಂಜು ಹಿಡಿದ ಕೆಲಸಗಾರನ ಮೇಲೆ ಇದನ್ನು ಹೊರಿಸಕೂಡದು. ಈ ಕಾರಿನ ನಾಲ್ಕೂ ಚಕ್ರಗಳ ಬಳಿಯ ಬ್ರೇಕ್ ಆಯಿಲನ್ನು ನಿಮಗೆ ಸಂಬಂಧವಿಲ್ಲದ ತಜ್ಞರಿಂದ, ಮನೆಯವರ ಸಮ್ಮುಖದಲ್ಲಿ ತೆಗೆಸಿ ಪರೀಕ್ಷೆ ಮಾಡಿಸಬೇಕು. ಆ ಆಯುಧಪೂಜೆಯ ವಾರದಲ್ಲಿ 'ಬದಲಿಸಲಾಗಿದೆ' ಎಂದು ಬರೆಸಿಕೊಂಡು ಹೋದ ಪ್ರತಿಯೊಬ್ಬರಿಗೂ ಸತ್ಯ ತಿಳಿಸಿ, ಅವರ ಕಾರುಗಳನ್ನು ಮರಳಿ ಕರೆಸಬೇಕು. ಅವರಲ್ಲಿ ಯಾರು ಈ ಹೊತ್ತು ಯಾವ ಇಳಿಜಾರಿನಲ್ಲಿದ್ದಾರೋ ನನಗೆ ತಿಳಿಯದು, ನಿಮಗೂ ತಿಳಿಯದು. ಈ ಎರಡರ ಬಗ್ಗೆ ಸೋಮವಾರಕ್ಕೆ ಮುಂಚೆ ಲಿಖಿತ ಉತ್ತರ ನೀಡಬೇಕೆಂದು ಕೋರುತ್ತೇನೆ. ಉತ್ತರ ನನ್ನ ಹೆಸರಿಗೆ ಬೇಡ. ಕೆಳಗಿನ ಮನೆಗೆ, ರುದ್ರಪ್ಪನವರ ಹೆಸರಿಗೆ ಬರಲಿ. ಅದರ ಮೊದಲ ಸಾಲಿನಲ್ಲಿ, ಅಂದು ಅವರು ಒತ್ತಿದ್ದು ಬ್ರೇಕನ್ನೇ ಎಂದು ಬರೆದಿರಲಿ.