ಕಾರಿಗೆ ಮಡಿ ನೀರು

ನನಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯುವ ವಯಸ್ಸಿನಲ್ಲಿ ಕಾರಿರಲಿಲ್ಲ, ಕಾರು ಸಿಗುವ ವಯಸ್ಸಿನಲ್ಲಿ ಧೈರ್ಯ ಉಳಿದಿರಲಿಲ್ಲ. ಆದರೂ ಕಾರಿನ ಮಾತು ಬಂದರೆ ನಾನು ಸುಮ್ಮನೆ ಕೂರುವವನಲ್ಲ. ಕಾರಿಗೆ ತೀರ್ಥ ಕುಡಿಸಿದವನು ನಮ್ಮ ಬಂಧುಬಳಗದಲ್ಲಿ ನಾನೊಬ್ಬನೇ.

ಈಗ ಪತ್ರಿಕೆ ಬಿಡಿಸಿದರೆ, ನಾಳಿನ ಕಾರು ಬ್ಯಾಟರಿಯ ಮೇಲೆ ಓಡುತ್ತದೋ ಹೈಡ್ರೋಜನ್ನಿನ ಮೇಲೋ ಎಂದು ತಜ್ಞರು ಜಗಳಕ್ಕೆ ನಿಂತಿರುತ್ತಾರೆ. ಚಹಾ ಕುಡಿಯುತ್ತ ಓದುತ್ತೇನೆ, ಒಳಗೊಳಗೇ ನಗುತ್ತೇನೆ. ಈ ಜಗಳ ಎಂಬತ್ತರ ದಶಕದ ಕೊನೆಯಲ್ಲೇ ನಮ್ಮ ಕಾಕಾನ ಪಡಸಾಲೆಯಲ್ಲಿ ನಡೆದುಹೋಗಿದೆ. ತೀರ್ಪೂ ಆಗಿದೆ.

ಕಾಕಾ ಎಂದರೆ ಅಪ್ಪನ ತಮ್ಮ. ಬೀದರ ಜಿಲ್ಲೆಯಿಂದ ಬಂದು ನಾಶಿಕದ ಮಗ್ಗುಲಿನ ದೇವಳಾಲಿ ಕ್ಯಾಂಪಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದರು. ಅಪ್ಪನಿಗೆ ಬ್ಯಾಂಕಿನ ವರ್ಗಾವಣೆಯ ತಿರುಗಾಟ. ಹಾಗಾಗಿ ನಾನು ಬೆಳೆದದ್ದು ಕಾಕಾ ಮತ್ತು ಅವರ ಹೆಂಡತಿ ಕಾಕೂ ಕೈಯಲ್ಲಿ. ಶಾಲೆ ಮರಾಠಿಯದು. ಕನ್ನಡವೇನಿದ್ದರೂ ಮನೆಯ ದೊಡ್ಡವರ ಬಾಯಿಂದ ಬಿದ್ದದ್ದನ್ನು ಆಯ್ದುಕೊಂಡದ್ದು. ಹೀಗೆ ಕಲಿತ ಭಾಷೆಯಲ್ಲಿ ಒಂದು ಸೊಗಸಿದೆ, ಒಂದು ಅಪಾಯವೂ ಇದೆ. ಪ್ರತಿ ಪದಕ್ಕೂ ಹೇಳಿದವರ ಮುಖವೇ ಅಂಟಿಕೊಂಡಿರುತ್ತದೆ. ಅದೇ ಪದಕ್ಕೆ ಬೇರೆ ಯಾರದಾದರೂ ಮುಖ ಇರಬಹುದೆಂದು ಹೊಳೆಯುವುದೇ ಇಲ್ಲ.

'ಬ್ಯಾಟರಿ'ಯನ್ನೇ ನೋಡಿ. ಕಾಕೂಗೆ ಬ್ಯಾಟರಿ ಎಂದರೆ ಕತ್ತಲಲ್ಲಿ ಹಿತ್ತಲಿಗೆ ಹೋಗುವಾಗ ಹಿಡಿಯುವ ಟಾರ್ಚು. ಕಾಕಾಗೆ ಅದು ಸೀಸದ ಪ್ಲೇಟು, ಆಸಿಡ್ಡು ತುಂಬಿದ ಕರಿ ಪೆಟ್ಟಿಗೆ. ದೇವಳಾಲಿಯಾದರೋ ತೋಪು ಹಾರಿಸುವುದನ್ನು ಕಲಿಸುವ ಊರು. ಅಲ್ಲಿನ ಸಿಪಾಯಿಗಳಿಗೆ ಬ್ಯಾಟರಿ ಎಂದರೆ ತೋಪುಗಳ ಒಂದು ತುಕಡಿ. ಒಮ್ಮೆ ಒಬ್ಬ ಜವಾನ ಅಂಗಡಿಗೆ ಬಂದು, ತಮ್ಮ ಬ್ಯಾಟರಿ ನಾಳೆಯೇ ಹೊರಡುತ್ತದೆಂದು ಹಿಂದಿಯಲ್ಲಿ ಹೇಳಿದ. ಕಾಕಾ ಗಾಬರಿಯಾಗಿ, "ಚಾರ್ಜ್ ಆಗಿಲ್ಲ, ಹೆಂಗ ಹೊಂಡ್ತದ?" ಎಂದು ಕನ್ನಡದಲ್ಲೇ ಕೇಳಿಬಿಟ್ಟಿದ್ದರು. ತಮಾಷೆಯೆಂದರೆ ಪದದ ಮೂಲ ಸಿಪಾಯಿಯದೇ ಅಂತೆ. ಹಿಂದೆ ವಿದ್ಯುತ್ತಿನ ಜಾಡಿಗಳನ್ನು ತೋಪುಗಳ ಹಾಗೆ ಸಾಲಾಗಿ ಜೋಡಿಸುತ್ತಿದ್ದರಿಂದ ಆ ಹೆಸರು ಬಂತಂತೆ. ಹಾಗಾದರೆ ನಮ್ಮ ಕಾಕಾನೂ ಒಂದು ಬಗೆಯ ತೋಪಖಾನೆಯವರೇ.

ಅವರು ಕಾರಿಗೆ ಕೈ ಹಾಕಿದ್ದು ಕಾಕೂ ಸಲುವಾಗಿ. ಕಾಕೂಗೆ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ಹೊಟ್ಟೆ ತೊಳಸುತ್ತಿತ್ತು. ಬಸ್ಸು, ರಿಕ್ಷಾ, ಕಾರು ಯಾವುದೂ ಆಗದು. ಮಗಳು ಮಹಾದೇವಿಯನ್ನು ಕೊಟ್ಟದ್ದು ನಾಶಿಕದ ಪಂಚವಟಿಗೆ. ಟಾಂಗಾ ಇರುವ ತನಕ ಹೇಗೋ ಹೋಗಿಬರುತ್ತಿದ್ದರು. ಟಾಂಗಾದವನ ಕುದುರೆಗೆ ವಯಸ್ಸಾಯಿತು, ಟಾಂಗಾ ನಿಂತಿತು. ರೈಲು ಇತ್ತು, ಆದರೆ ಅದು ನಾಶಿಕ್ ರೋಡ್ ಸ್ಟೇಷನ್ನಿನಲ್ಲಿ ಇಳಿಸಿ ಕೈತೊಳೆದುಕೊಳ್ಳುತ್ತಿತ್ತು. ಅಲ್ಲಿಂದ ಊರೊಳಕ್ಕೆ ಮತ್ತೆ ಅದೇ ಬಸ್ಸು, ಅದೇ ಹೊಗೆ. ಮೊಮ್ಮಗಳಿಗೆ ಹೆಸರಿಟ್ಟ ದಿನ ನೋಡಿದ್ದೇ ನೋಡಿದ್ದು. ಆಮೇಲೆ ಕೂಸು ಮಗುಚಿತಂತೆ, ಅಂಬೆಗಾಲಿಟ್ಟಿತಂತೆ, ಹಲ್ಲು ಬಂತಂತೆ. ಎಲ್ಲವೂ 'ಅಂತೆ'ಯಲ್ಲೇ ಬರುತ್ತಿತ್ತು. ನಾಶಿಕದವರು ಗೋದಾವರಿಯನ್ನು ಗಂಗಾ ಎಂದೇ ಕರೆಯುತ್ತಾರೆ. ಮಹಾದೇವಿ ತಿಂಗಳಿಗೊಮ್ಮೆ ಗಂಡನ ಕೈಯಲ್ಲಿ ಒಂದು ತಂಬಿಗೆ ಗಂಗಾ ಕಳಿಸುತ್ತಿದ್ದಳು. ಕಾಕೂ ಅದನ್ನು ದೇವರ ಜಗಲಿಯ ಮೇಲಿಟ್ಟು, "ಗಂಗಾ ನಮ್ಮ ಮನಿಗಿ ಬರ್ತಾಳ, ನಾನೇ ಹೋಗಂಗಿಲ್ಲ" ಅನ್ನುತ್ತಿದ್ದರು.

ಒಂದು ದಿನ ಕಾಕಾ, "ಬ್ಯಾಟರಿ ಮ್ಯಾಲ ಓಡೋ ಕಾರ್ ಮಾಡ್ತೀನಿ" ಎಂದು ಸಾರಿದರು.

"ಅದನ್ನ ದೂಡಲಿಕ್ಕ ಎಷ್ಟು ಬ್ಯಾಟರಿ ಹಿಡಕೊಂಡು ನಿಂದರಬೇಕ್ರಿ?" ಎಂದು ಕಾಕೂ ಕೇಳಿದರು.

ಎಂಜಿನ್ ಸತ್ತ ಹಳೆ ಕಾರೊಂದು ಸಿಕ್ಕಿತು. ಯಾವುದೋ ಕಾರ್ಖಾನೆಯ ಗುಜರಿಯಿಂದ ಸಾಮಾನು ಹೊರುವ ಗಾಡಿಯ ಮೋಟಾರು ಬಂತು. ಲಾರಿಯ ಬ್ಯಾಟರಿಗಳು ಅಂಗಡಿಯಲ್ಲೇ ಇದ್ದವು. ಓದಿದ್ದು ಏಳನೆಯ ಇಯತ್ತೆಯಾದರೂ ಕಾಕಾನ ಬೆರಳಿಗೆ ಯಂತ್ರ ಮಾತಾಡುವುದು ತಿಳಿಯುತ್ತಿತ್ತು. ಇಂದಿಗೂ ನನಗೆ ಅದನ್ನು ನೆನೆದಾಗಲೆಲ್ಲ ಬೆರಗು.

ಇದಕ್ಕೆ ವಿರೋಧ ಪಕ್ಷ ಬಂದದ್ದು ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಇಂದಿನ ಛತ್ರಪತಿ ಸಂಭಾಜಿನಗರದಿಂದ. ಕಾಕೂನ ತಮ್ಮ ಅಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಮನೆಯಲ್ಲೆಲ್ಲ ಅವರಿಗೆ ಮಾಸ್ತರ ಎಂದೇ ಹೆಸರು. ಅವರು ಹೈಡ್ರೋಜನ್ ಎನ್ನುತ್ತಿರಲಿಲ್ಲ. ಬಾಯಿ ತುಂಬ 'ಜಲಜನಕ' ಎನ್ನುತ್ತಿದ್ದರು. ಸಣ್ಣವನಿದ್ದಾಗ ನಾನು ಬಹಳ ದಿನ ಇವನು ಸೀತೆಯ ತಂದೆಯ ಕಡೆಯ ನೆಂಟನಿರಬೇಕು ಎಂದುಕೊಂಡಿದ್ದೆ. ಜಲವನ್ನು ಹುಟ್ಟಿಸುವವನು, ಅದಕ್ಕೇ ಜಲಜನಕ. ಇಂಗ್ಲಿಷಿನವರ ಹೆಸರಿಗೂ ಅದೇ ಅರ್ಥವಂತೆ. ಅರ್ಥ ಹೇಳಿ ಬಿಡುವವರಲ್ಲ ಮಾಸ್ತರರು. ಬೇಸಿಗೆ ರಜೆಗೆ ಬಂದಾಗ ಕಾಕಾನ ಅಂಗಡಿಯ ಆಸಿಡ್ಡಿಗೆ ಸತುವಿನ ಚೂರು ಹಾಕಿ, ಎದ್ದ ಗಾಳಿಯನ್ನು ಸಣ್ಣ ಕೊಳವೆಯ ತುದಿಯಲ್ಲಿ ಹೊತ್ತಿಸಿ, ಆ ಉರಿಯ ಮೇಲೆ ತಣ್ಣನೆಯ ಪಿಂಗಾಣಿ ತಟ್ಟೆ ಹಿಡಿದರು. ತಟ್ಟೆಯ ತಳದಲ್ಲಿ ಬೆವರಿನಂತೆ ಹನಿಗಳು ಮೂಡಿದವು. ಕಾಕೂ ಬೆರಳಿನಿಂದ ಮುಟ್ಟಿ ನೋಡಿ, "ಬೆಂಕ್ಯಾಗಿಂದ ನೀರು ಬಂತಲ್ಲೋ ತಮ್ಮಾ!" ಎಂದು ಆ ಬೆರಳನ್ನೇ ಕಣ್ಣಿಗೊತ್ತಿಕೊಂಡರು. ವಿಜ್ಞಾನವನ್ನು ಅಷ್ಟು ಮರ್ಯಾದೆಯಿಂದ ಬರಮಾಡಿಕೊಂಡವರನ್ನು ನಾನು ಮತ್ತೆ ಕಂಡಿಲ್ಲ.

"ನೋಡ್ರಿ ಭಾವಾರ, ಇದರ ಹೊಗಿ ಅಂದ್ರ ಬರೇ ನೀರಿನ ಆವಿ. ನಮ್ಮ ಊರಿನ ಪಾಣಚಕ್ಕ್ಯಾಗ ನೀರು ಹಿಟ್ಟಿನ ಗಿರಣಿ ತಿರಗಸ್ಯದ, ನೀರಿನ ಅಪ್ಪ ಕಾರ್ ತಿರಗಸಂಗಿಲ್ಲೇನು? ಆಕಾಶಕ್ಕ ಹೋಗೋ ರಾಕೆಟ್ ಭೀ ಇದರ ಮ್ಯಾಲೇ ಹೋಗ್ತಾವ" ಎಂದರು ಮಾಸ್ತರರು.

"ನಮಗ ಆಕಾಶಕ್ಕ ಹೋಗೋದಿಲ್ರಿ ಮಾಸ್ತರ್ರ, ಪಂಚವಟಿಗಿ ಹೋಗೋದದ" ಎಂದರು ಕಾಕಾ.

"ನಿಮ್ಮ ಅಂಗಡ್ಯಾಗ ಬ್ಯಾಟರಿ ಚಾರ್ಜ್ ಆಗೂಮುಂದ ಗುಳ್ಳಿ ಏಳ್ತಾವಲ್ಲ, ಅದ್ರಾಗ ಇರೋದು ನಮ್ಮ ಜಲಜನಕನೇ!"

"ಅದಕ್ಕ ಕಿಡಕಿ ತೆರೆದಿಟ್ಟೀನ್ರಿ, ಹೊರಗ ಹೋಗ್ಲಿ ಅಂತ."

ಕಾಕಾನ ಬ್ಯಾಟರಿಗಳು ಕಾರಿನ ಅರ್ಧ ಜಾಗ ತಿನ್ನುತ್ತಿದ್ದವು. ಮಾಸ್ತರರ ಜಲಜನಕಕ್ಕೆ ಎಮ್ಮೆಯಷ್ಟು ದಪ್ಪದ ಉಕ್ಕಿನ ಸಿಲಿಂಡರು ಬೇಕಿತ್ತು. ಇಬ್ಬರೂ ತಮ್ಮದರ ಕುಂದು ಬಲ್ಲರು, ಇಬ್ಬರೂ ಒಪ್ಪರು. ಆದರೆ ಇಬ್ಬರ ತಲೆಯಲ್ಲೂ ಇದ್ದದ್ದು ವಾಸನೆಯಿಲ್ಲದ ಗಾಡಿಯಲ್ಲಿ ಕೂತ ಒಬ್ಬಳೇ ಹೆಂಗಸು. ಆ ಜಗಳ ಎಂದೂ ಕಹಿಯಾಗದ್ದು ಅದಕ್ಕೇ ಇರಬೇಕು.

ದೀಪಾವಳಿಗೆ ಕಾರು ಸಿದ್ಧವಾಯಿತು. ಹಬ್ಬದ ಮರುದಿನ ಪಂಚವಟಿಗೆ ಹೊರಡುವುದೆಂದು ಠರಾವಾಯಿತು. ಹಬ್ಬದ ದಿನ ಬೆಳಿಗ್ಗೆ ಮಾಸ್ತರರನ್ನು ಕರೆತರಲು ಸ್ಟೇಷನ್ನಿಗೆ ಹೊರಟ ಕಾಕಾ ಬಾಗಿಲಲ್ಲಿ ನಿಂತು, "ಏ, ಬ್ಯಾಟರಿಗೆ ಒಂದಿಷ್ಟು ಮಡಿ ನೀರು ಹಾಕಪಾ, ಸೆಲ್ ಒಣಗ್ಯಾವ" ಎಂದು ನನಗೆ ಹೇಳಿ ಹೋದರು.

ಅಂಗಡಿಯಲ್ಲಿ ಕಾಕಾ ಡಿಸ್ಟಿಲ್ಡ್ ವಾಟರನ್ನು ಮಡಿ ನೀರು ಎನ್ನುತ್ತಿದ್ದರು. ಮಣ್ಣು, ಉಪ್ಪು ಯಾವುದೂ ಮುಟ್ಟದ ನೀರು, ಹೆಸರೇನೋ ಸರಿಯೇ. ಆದರೆ ಒಮ್ಮೆ ಆಸಿಡ್ಡು ಬಿದ್ದು ಪ್ಯಾಂಟು ಜಾಳಾದಂದಿನಿಂದ ಕಾಕೂ ನನ್ನನ್ನು ಅಂಗಡಿಯ ಹೊಸ್ತಿಲು ತುಳಿಯಗೊಟ್ಟಿರಲಿಲ್ಲ. ನಾನಾಗಲೇ ಬ್ಯಾಂಕಿನ ಗುಮಾಸ್ತ. ಬೆರಳಿಗೆ ಮಸಿ ಬಿಟ್ಟರೆ ಬೇರೇನೂ ಅಂಟದವನು. ನಾನು ಬಲ್ಲ 'ಮಡಿ' ಕಾಕೂನದು. ಮಿಂದು ಬಂದು, ಜಗಲಿಯ ಮೇಲಿದ್ದ ತಂಬಿಗೆ ಎತ್ತಿಕೊಂಡು, ಒಂದೊಂದೇ ಮುಚ್ಚಳ ತಿರುಗಿಸಿ ಗಂಗೆಯನ್ನು ಭಕ್ತಿಯಿಂದ ಹನಿಸಿದೆ. ಮೇಲೆ ವಿಭೂತಿಯನ್ನೂ ಹಚ್ಚಿದೆ.

ಕಾಕಾ ಬಂದವರು ಬಾನೆಟ್ಟಿನ ಮೇಲಿದ್ದ ತಾಮ್ರದ ತಂಬಿಗೆ ನೋಡಿದರು. ವಿಭೂತಿ ನೋಡಿದರು. ನನ್ನ ಮುಖ ನೋಡಿದರು. ಅವರ ತಿಂಗಳುಗಟ್ಟಲೆ ದುಡಿಮೆ ನನ್ನ ಒಂದು ತಂಬಿಗೆಯಲ್ಲಿ ಮುಳುಗಿತ್ತು.

"ಎಂಥ ನೀರು ಹಾಕಿದ್ಯೋ?"

"ಮಡಿದೇ ಕಾಕಾ."

ಮಾಸ್ತರರು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದರು. ನದಿಯ ನೀರಿನಲ್ಲಿರುವ ಉಪ್ಪು, ಕಬ್ಬಿಣ ಪ್ಲೇಟುಗಳನ್ನು ಒಳಗಿಂದಲೇ ತಿನ್ನುತ್ತವೆಂದು ಆಮೇಲೆ ವಿವರಿಸಿದವರೂ ಅವರೇ. ಕಾಕಾ ಒಂದೊಂದೇ ಸೆಲ್ಲಿನ ಮುಚ್ಚಳ ತೆಗೆದು ಇಣುಕಿದರು. ಕೊನೆಗೆ, "ಇವತ್ತು ಓಡ್ತದ. ನಾಳಿಗಿ ಏನಂತ ಹೇಳಲಿಕ್ಕ ಬರಂಗಿಲ್ಲ" ಎಂದರು.

ಒಳಗಿನಿಂದ ಕಾಕೂ ಬಂದರು. ಸೀರೆ ಬದಲಾಯಿಸಿಯಾಗಿತ್ತು. "ನಾಳಿ ಯಾಕ್ರಿ? ಇವತ್ತೇ ನಡೀರಿ. ಮಗಳು ಕಳಿಸಿದ ನೀರು ಮಗಳ ಮನಿಗಿ ಮುಟ್ಟಸ್ತದ."

ಹೋಳಿಗೆಯ ಡಬ್ಬಿ, ಚಾರ್ಜ್ ಮಾಡುವ ಪೆಟ್ಟಿಗೆ ಎರಡನ್ನೂ ಡಿಕ್ಕಿಗೆ ತುರುಕಿ ಹೊರಟೆವು. ಕಾಕೂ ಅಭ್ಯಾಸದಂತೆ ಕಣ್ಣು ಮುಚ್ಚಿ, ನಿಂಬೆಹಣ್ಣು ಮೂಗಿಗೆ ಹಿಡಿದು ಕೂತರು. ಗಾಡಿಗೆ ಸದ್ದಿಲ್ಲ, ನಡುಕವಿಲ್ಲ. ಒಂದಷ್ಟು ಹೊತ್ತಾದ ಮೇಲೆ, "ಯಾವಾಗ ಹೊಂಡೋದ್ರಿ?" ಎಂದು ಕೇಳಿದರು. ಕಣ್ಣು ಬಿಟ್ಟರೆ ಆಗಲೇ ಕ್ಯಾಂಪು ದಾಟಿತ್ತು. ನಿಂಬೆಹಣ್ಣು ಮಡಿಲಿಗೆ ಬಿತ್ತು. ಎಷ್ಟೋ ವರ್ಷ ಆ ರಸ್ತೆಯಲ್ಲಿ, ಟಾಂಗಾದಲ್ಲೂ, ಎದುರು ಬಸ್ಸಿನ ಹೊಗೆಗೆ ಹೆದರಿ ಕಣ್ಣು ಮುಚ್ಚಿಯೇ ಹೋದವರು ಈಗ ಕೂಸಿನ ಹಾಗೆ ಕಿಟಕಿಗೆ ಅಂಟಿದರು. "ಅಯ್ಯ, ಇಲ್ಲಿ ದ್ರಾಕ್ಷಿ ತೋಟ ಅದ ಏನು? ಈ ಶಾಲಿ ಯಾವಾಗ ಕಟ್ಟ್ಯಾರ?" ಮುಂದೆ ಕೂತ ಮಾಸ್ತರರು ಅಕ್ಕನ ಮಾತು ಕೇಳುತ್ತ ಕೇಳುತ್ತ, "ಭಾವಾರ, ಭೇಷ್" ಎಂದು ಮೆಲ್ಲಗೆ ಹೇಳಿದ್ದನ್ನು ನಾನು ಹಿಂದಿನ ಸೀಟಿನಿಂದ ಕೇಳಿಸಿಕೊಂಡೆ.

ಪಂಚವಟಿಯ ಏರಿನಲ್ಲಿ ಗಾಡಿ ಉಸಿರು ಬಿಟ್ಟಿತು. ನಾನೂ ಮಾಸ್ತರರೂ ಇಳಿದು ನೂಕಿದೆವು. ಕಾಕಾ ಸ್ಟೇರಿಂಗ್ ಹಿಡಿದು, "ಮಾಸ್ತರ್ರ, ಹಚ್ಚ್ರಿ ನಿಮ್ಮ ಜಲಜನಕ!" ಎಂದು ಕೂಗುತ್ತಿದ್ದರು. ಕಾಕೂ ಒಳಗೇ ಮಹಾರಾಣಿಯಂತೆ ಕೂತು ಮಗಳ ಬಾಗಿಲಲ್ಲೇ ಇಳಿದರು. ಕೂಸು ಮೊದಲು ಅತ್ತಿತು. ಆಮೇಲೆ ಕಾಕೂನ ಮೂಗುಬಟ್ಟಿಗೆ ಕೈ ಹಾಕಿತು.

ನಮ್ಮ ಕಡೆ ಹಳಬರಿಗೆ ಒಂದು ನೇಮವಿದೆ: ಮಗಳ ಮನೆಯಲ್ಲಿ ರಾತ್ರಿ ಉಳಿಯಬಾರದು. ಉಂಡ ಕೈ ತೊಳೆದು ಎದ್ದು ಬರಬೇಕು. ಊಟವಾಗಿ ಸ್ವಲ್ಪ ಹೊತ್ತಿಗೆ ಕಾಕೂ ನೇಮದಂತೆ ಎದ್ದು ನಿಂತರು. ಕೂಸು ಸೆರಗು ಬಿಡಲಿಲ್ಲ. ಅಷ್ಟರಲ್ಲಿ ಕಾಕಾ ಅಂಗಳದಿಂದ ಬಂದು ಅಪರಾಧಿಯ ದನಿಯಲ್ಲಿ, "ಗಾಡಿ ಏಳಂಗಿಲ್ಲ. ಆಸಿಡ್ ಚೆಲ್ಲಿ, ತೊಳದು, ಹೊಸಾದು ತುಂಬಿ, ನಿಧಾನ ಚಾರ್ಜ್ ಮಾಡಬೇಕು. ಎರಡು ದಿನ ಆಗ್ತದ" ಎಂದರು.

ಬೀಗತಿ ಹಾಸಿಗೆ ತೆಗೆಯಲು ಒಳಗೆ ಹೋದರು. ಗಾಡಿಯೇ ಮಲಗಿದ ಮೇಲೆ ಯಾವ ನೇಮ? ಕಾಕೂ ಎರಡನೆಯ ಸಲ ಹೇಳಿಸಿಕೊಳ್ಳದೆ ಕೂಸನ್ನು ಎತ್ತಿಕೊಂಡು ಕೂತರು.

ಮಾಸ್ತರರಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಎಲ್ಲಿ ಸಿಗಬೇಕು? "ನೋಡಿದೇನಕ್ಕಾ, ಬ್ಯಾಟರಿ ಹಣೆಬರಾನೇ ಇಷ್ಟು" ಎಂದು ಶುರು ಮಾಡಿದರು.

"ನಿಂದು ತುಂಬಲಿಕ್ಕ ಎಷ್ಟು ಹೊತ್ತು ಹಿಡೀತದೋ ತಮ್ಮಾ?"

"ಹತ್ತು ನಿಮಿಷ ಅಕ್ಕಾ! ತುಂಬೂದು, ಹೊಂಡೂದು."

"ಹಂಗಾದ್ರ ನಿಂದು ಬ್ಯಾಡ. ನಿಮ್ಮ ಭಾವಂದೇ ಇರಲಿ" ಎಂದರು ಕಾಕೂ.

ತಜ್ಞರು ಈಗಲೂ ಬ್ಯಾಟರಿಯ ಕುಂದುಗಳಲ್ಲಿ ನಿಧಾನವಾಗಿ ತುಂಬುವುದನ್ನೇ ಮೊದಲು ಬರೆಯುತ್ತಾರೆ. ಅದನ್ನೂ ಬೇಗ ಸರಿಪಡಿಸುತ್ತಾರಂತೆ. ಒಂದು ಲೋಟ ಚಹಾ ಮುಗಿಯುವುದರೊಳಗೆ ತುಂಬುವ ಬ್ಯಾಟರಿ ಬರುತ್ತದಂತೆ. ಬರಲಿ, ಜಾಣರ ಕೈ ಎಂದೂ ಸೋಲದಿರಲಿ. ಮಗಳ ಮನೆಗೆ ಹೋದ ತಾಯಂದಿರು ಮಾತ್ರ ಇನ್ನು ಬೇರೆ ನೆಪ ಹುಡುಕಿಕೊಳ್ಳಬೇಕು.