ಅತ್ಯಾ ಮಲೇರಿಯಾ ಬಿಟ್ಟ ವರ್ಷ

ಆಗೆಲ್ಲ ಪುಣೆಯಲ್ಲಿ ಮಳೆ ನಿಲ್ಲುವ ಹೊತ್ತಿಗೆ ನಮ್ಮ ವಾಡಾದ, ಆ ಹಳೆಯ ವಠಾರದ, ಮನೆಮನೆಯಲ್ಲೂ ಒಬ್ಬರಾದರೂ ಮಲೇರಿಯಾ ಹತ್ತಿ ನಡುಗುತ್ತ ಮಲಗಿರುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಮಾತಿದು. ಎಲ್ಲರೂ ಓಡಿಬರುತ್ತಿದ್ದುದು ನಮ್ಮ ಸುಮತಿ ಅತ್ಯಾನ ಹತ್ತಿರ. ಅಪ್ಪನ ತಂಗಿ, ಧಾರವಾಡದಲ್ಲಿ ಓದಿ, ಮದುವೆಯಾಗದೆ ನಮ್ಮಲ್ಲೇ ಇದ್ದವಳು. ಮಲೇರಿಯಾದ ಪರೋಪಜೀವಿಯ ಸಂಶೋಧನೆ ಅವಳ ಕೆಲಸ. ಸಂಜೆ ಅವಳ ಸೀರೆಗೆ ಸ್ಪಿರಿಟ್ಟಿನ ವಾಸನೆ. ನನ್ನ ತಮ್ಮ ರಘುವಿಗೆ ಅದು ಭಾಳ ಇಷ್ಟ, ಅವ್ವನಿಗೆ ಆಗುತ್ತಿರಲಿಲ್ಲ.

ಆ ವರ್ಷ ಜ್ವರ ರಘುವಿಗೆ ಬಂತು. ಕಾಲ ತುಂಬ ನೀಲಿ ಕಲೆಗಳಿದ್ದವು. ಲಗೋರಿ ಆಡುವಾಗ ಚೆಂಡು ಬಡಿದಿದೆ ಎಂದುಕೊಂಡೆವು. ಅತ್ಯಾ ಅವನ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಸವರಿಕೊಂಡು ಹೋದಳು.

ಮರುದಿನ ಬಂದು ಅವ್ವನಿಗೆ, "ಮಲೇರಿಯಾ ಅಲ್ಲ, ವೈನಿ" ಎಂದಳು.

ಅವ್ವ ಆ ಸಮಾಧಾನಕ್ಕೆ ತುಪ್ಪ ಸುರಿದು ರವೆಯ ಸಿಹಿ ಸಜ್ಜಕ ಮಾಡಿದಳು. ಏಲಕ್ಕಿಯ ಘಮ ಓಣಿಗೆಲ್ಲ ಹರಡಿತ್ತು. ಅತ್ಯಾ ತಾಟು ಮುಟ್ಟಲಿಲ್ಲ.

"ರಕ್ತದಾಗ ಬಿಳಿ ಕಣ ಭಾಳ ಆಗ್ಯಾವ. ನಾಳೆನ ದೊಡ್ಡ ದವಾಖಾನಿಗೆ ಒಯ್ಯೋಣು."

ರಕ್ತದ ಕ್ಯಾನ್ಸರ್. ಮುಂಬಯಿಗೂ ಹೋಗಿ ಬಂದೆವು. ಔಷಧಿಗೆ ಕೂದಲು ಉದುರಿತು. ಸ್ವಲ್ಪ ದಿನ ಗೆಲುವಾದ, ಮತ್ತೆ ಮಲಗಿದ.

"ಅತ್ಯಾ, ನನ್ನ ರಕ್ತದಾಗ ಹುಳ ಅದಾವೇನು?" ಎಂದು ಒಮ್ಮೆ ಕೇಳಿದ.

"ಇಲ್ಲ, ರಾಜಾ."

"ಮತ್ತ ಜ್ವರ ಯಾಕ ಬರತದ?"

"ನನಗ ಗೊತ್ತಿಲ್ಲೋ."

ಮುಂದಿನ ಮಳೆಗಾಲ ಅವನು ನೋಡಲಿಲ್ಲ.

ಅತ್ಯಾ ಅಷ್ಟು ವರ್ಷ ದುಡಿದ ವಿಷಯವನ್ನೇ ಬಿಟ್ಟಳು. ಮಕ್ಕಳ ಕ್ಯಾನ್ಸರ್ ಜೀವಕೋಶಗಳ ಅಭ್ಯಾಸಕ್ಕೆಂದು, ತನಗಿಂತ ಚಿಕ್ಕವರ ಕೈಕೆಳಗೆ ಹೊಸದಾಗಿ ಕಲಿಯಲು ಕುಳಿತಳು. ಊರವರ ಜ್ವರವನ್ನೆಲ್ಲ ನೋಡಿದವಳು ರಘುವನ್ನು ಉಳಿಸಲಿಲ್ಲವೆಂದು ಮೊದಲೇ ಸಿಟ್ಟಾಗಿದ್ದ ಅವ್ವನಿಗೆ ಅದು ಇನ್ನಷ್ಟು ಉರಿಯಿತು.

"ನನ್ನ ಕೂಸು ಹೋದಮ್ಯಾಲೆ ಕಲೀಲಿಕ್ಕೆ ಹೊಂಟಾಳ" ಎಂದು ಅತ್ಯಾನಿಗೆ ಕೇಳುವಂತೆಯೇ ಅಪ್ಪನಿಗೆ ಹೇಳಿದಳು. ಅಪ್ಪ ತಲೆ ತಗ್ಗಿಸಿ ಉಂಡ. ಆ ವಾರವೇ ಅತ್ಯಾ ಊರಿನ ಆಚೆ ತುದಿಯ ಯೆರವಡಾದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು ಹೊರಟುಹೋದಳು.

ಎಂಬತ್ತರ ದಶಕದ ಕೊನೆಗೆ ಒಮ್ಮೆ ಬಂದಿದ್ದಳು. "ವೈನಿ, ಇದೇ ಜಡ್ಡಿನ ಹುಡುಗರು ಈಗ ಆರಾಮಾಗಿ ಸಾಲಿಗೆ ಹೊಂಟಾರ" ಎಂದಳು.

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಯಾರ ಹುಡುಗರು?" ಎಂದಳು.

ಅತ್ಯಾ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಮತ್ತೆ ಬರಲಿಲ್ಲ. ಅದೇ ಖೋಲಿಯಲ್ಲಿ ಒಬ್ಬಳೇ ತೀರಿಕೊಂಡಳು.

ಆ ಜಡ್ಡು ಈಗ ಬಹಳಷ್ಟು ಮಕ್ಕಳಿಗೆ ವಾಸಿಯಾಗುತ್ತದೆಂದು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ರಘು ತುಸು ತಡವಾಗಿ ಹುಟ್ಟಿದ್ದರೆ ಉಳಿಯುತ್ತಿದ್ದನೇನೋ. ಅತ್ಯಾನೂ ನಮ್ಮ ಮನೆಯಲ್ಲೇ ಮುದುಕಿಯಾಗುತ್ತಿದ್ದಳು.